ಕಾರಿಗೆ ಇನ್ಶೂರೆನ್ಸ್ ಇದೆ ಸರಿ, ಒಳಗೆ ಕೂತವರಿಗೆ ಇದೆಯಾ? ಅರಸೀಕೆರೆ ಕೇಸ್ ಹೇಳುವ ಪಾಠ

ಹಾಸನ: ಕಾರಿನ ಇನ್ಶೂರೆನ್ಸ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಪೊಲೀಸರು ಕೈ ಅಡ್ಡ ಹಾಕಿದಾಗ ತೋರಿಸುವ ಒಂದು ಪೇಪರ್. ಆರ್‌ಟಿಒ ಹತ್ತಿರದ ಏಜೆಂಟ್‌ಗೆ ಫೋನ್ ಮಾಡಿ "ಕಮ್ಮಿ ರೇಟಲ್ಲಿ ಒಂದು ಮಾಡಿಕೊಡಣ್ಣ" ಅಂದ್ರೆ ಹತ್ತು ನಿಮಿಷದಲ್ಲಿ ವಾಟ್ಸಾಪ್‌ಗೆ ಪಿಡಿಎಫ್ ಬರುತ್ತೆ. ಅದನ್ನು ತೆರೆದು ಓದುವವರು ಕಮ್ಮಿ. ಆ ಪಾಲಿಸಿ ಯಾರಿಗೆ ದುಡ್ಡು ಕೊಡುತ್ತೆ, ಯಾರಿಗೆ ಕೊಡಲ್ಲ ಅನ್ನೋದು ಗೊತ್ತಾಗೋದು ಅಪಘಾತ ಆದ ಮೇಲೆ.

ಇದಕ್ಕೆ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ದೇಶದ ಎದುರಿಗಿದೆ. 2014ರ ಜೂನ್‌ನಲ್ಲಿ ಅರಸೀಕೆರೆ ಕಡೆಗೆ ಬರುತ್ತಿದ್ದ ಕಾರೊಂದು ಪಲ್ಟಿಯಾಗಿ ಅದನ್ನು ಓಡಿಸುತ್ತಿದ್ದ ವ್ಯಕ್ತಿ ಸಾವಿಗೀಡಾದರು. ಹೆಂಡತಿ, ಮಗ, ತಂದೆ ತಾಯಿ 80 ಲಕ್ಷ ರೂಪಾಯಿ ಪರಿಹಾರ ಕೇಳಿ ಕೇಸ್ ಹಾಕಿದರು. ನ್ಯಾಯಮಂಡಳಿ ಒಪ್ಪಲಿಲ್ಲ. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಕೂಡ ಒಪ್ಪಲಿಲ್ಲ. 2025ರ ಜುಲೈ 2ರಂದು ಸುಪ್ರೀಂ ಕೋರ್ಟ್ ಸಹ ಹೈಕೋರ್ಟ್ ತೀರ್ಪಿನಲ್ಲಿ ಕೈ ಹಾಕಲು ನಿರಾಕರಿಸಿತು. ಬೇರೆ ವಾಹನದ ಪಾತ್ರ ಇಲ್ಲದೆ, ಚಾಲಕನ ಸ್ವಂತ ಅಜಾಗರೂಕತೆಯಿಂದಲೇ ಅಪಘಾತ ಆಗಿದ್ದರೆ ಆತನ ಸಾವಿಗೆ ಮನೆಯವರು ಪರಿಹಾರ ಕೇಳಲು ಬರಲ್ಲ ಅನ್ನೋದು ಇದರ ಸಾರ.

ಹನ್ನೊಂದು ವರ್ಷ ಅಲೆದ ಕುಟುಂಬಕ್ಕೆ ಬಂದಿದ್ದು ಸೊನ್ನೆ.

ತೀರ್ಪನ್ನು ತಪ್ಪು ತಿಳಿದುಕೊಂಡವರೇ ಹೆಚ್ಚು

ಆ ತೀರ್ಪು ಬಂದಾಗ "ಇನ್ಮೇಲೆ ಸ್ಪೀಡಾಗಿ ಓಡಿಸಿದ್ರೆ ಇನ್ಶೂರೆನ್ಸ್ ಸಿಗಲ್ಲ" ಅಂತ ಮೊಬೈಲ್‌ನಿಂದ ಮೊಬೈಲ್‌ಗೆ ಸುದ್ದಿ ಓಡಿತು. ಅದು ಪೂರ್ತಿ ಸರಿ ಅಲ್ಲ.

ಚಾಲಕ ಎಷ್ಟೇ ಅಜಾಗರೂಕನಾಗಿ ಓಡಿಸಿ ರಸ್ತೆಯಲ್ಲಿ ಹೋಗುವವರಿಗೆ ಗುದ್ದಿದರೂ, ಗುದ್ದಿಸಿಕೊಂಡವರಿಗೆ ಆ ಕಾರಿನ ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಡಬೇಕು. ಅದಕ್ಕೇ ಇರೋದು ಥರ್ಡ್ ಪಾರ್ಟಿ ಇನ್ಶೂರೆನ್ಸ್. 2025ರ ಸೆಪ್ಟೆಂಬರ್‌ನಲ್ಲಿ ಮೊಸಳೆಹೊಸಹಳ್ಳಿಯ ಗಣೇಶ ಮೆರವಣಿಗೆ ಮೇಲೆ ಲಾರಿ ನುಗ್ಗಿದ್ದು ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಅಲ್ಲಿ ಮೆರವಣಿಗೆಯಲ್ಲಿ ನಡೆದು ಹೋಗುತ್ತಿದ್ದ ಜನ, ಅವರೇ ಕಾನೂನಿನ ಲೆಕ್ಕದಲ್ಲಿ ಥರ್ಡ್ ಪಾರ್ಟಿ.

ಅರಸೀಕೆರೆ ಕೇಸಿನಲ್ಲಿ ಸತ್ತವರು ಥರ್ಡ್ ಪಾರ್ಟಿ ಅಲ್ಲ. ತಪ್ಪು ಮಾಡಿದವರೂ ಅವರೇ, ಪ್ರಾಣ ಕಳೆದುಕೊಂಡವರೂ ಅವರೇ. ಆ ಜಾಗಕ್ಕೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬರೋದೇ ಇಲ್ಲ. ಅಲ್ಲಿಗೆ ಬರಬೇಕಾದ್ದು ಬೇರೆ ಕವರ್. ಆ ಬೇರೆ ಕವರ್‌ಗಳು ಯಾವುವು, ನಮ್ಮೂರಿನ ರಸ್ತೆ, ಮಳೆ, ಗಾಡಿಗೆ ಯಾವುದು ಬೇಕು, ಯಾವುದು ಬೇಡ ಅನ್ನೋದೇ ಇಲ್ಲಿಯ ವಿಷಯ.

ಥರ್ಡ್ ಪಾರ್ಟಿ: ಕಡ್ಡಾಯ, ಆದರೆ ಅಷ್ಟಕ್ಕೇ ಮುಗಿಯಲ್ಲ

1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000.

ದಂಡ ದೊಡ್ಡ ವಿಷಯ ಅಲ್ಲ. ಇನ್ಶೂರೆನ್ಸ್ ಇಲ್ಲದ ಗಾಡಿ ಯಾರಿಗಾದರೂ ಗುದ್ದಿ ಜೀವ ಹೋದರೆ ನ್ಯಾಯಮಂಡಳಿ ಹೇಳುವ ಲಕ್ಷಾಂತರ ರೂಪಾಯಿ ಮಾಲೀಕನ ಕೈಯಿಂದಲೇ ಹೋಗಬೇಕು. ತೋಟ, ಮನೆ ಮಾರಿ ಕಟ್ಟುವ ಪರಿಸ್ಥಿತಿ ಬರುತ್ತೆ.

ಥರ್ಡ್ ಪಾರ್ಟಿ ರೇಟನ್ನು ಸರ್ಕಾರವೇ ನಿಗದಿ ಮಾಡೋದು. ಕಂಪನಿ ಬದಲಾದರೂ ಇದು ಬದಲಾಗಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416, ಅದಕ್ಕಿಂತ ಹೆಚ್ಚಿದ್ದರೆ 7,897. ಇದರ ಮೇಲೆ ಶೇ 18 ಜಿಎಸ್‌ಟಿ. ಅಂದ್ರೆ 1200 ಸಿಸಿ ಕಾರಿಗೆ ಸುಮಾರು 4,031 ರೂಪಾಯಿ. ಇದಕ್ಕಿಂತ ಅರ್ಧ ರೇಟಿಗೆ ಯಾರಾದರೂ "ಥರ್ಡ್ ಪಾರ್ಟಿ ಮಾಡಿಕೊಡ್ತೀನಿ" ಅಂದ್ರೆ ಅನುಮಾನ ಪಡಬೇಕು. ನಕಲಿ ಪಾಲಿಸಿ ಇರಬಹುದು, ಇಲ್ಲ ಕಾರಿನ ಬದಲು ಬೈಕ್ ಅಂತ ತೋರಿಸಿ ಮಾಡಿರಬಹುದು. ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿ ಇನ್ಶೂರೆನ್ಸ್ ತೋರಿಸುತ್ತಾ ಅಂತ ನೋಡಿಕೊಳ್ಳೋದು ಎರಡು ನಿಮಿಷದ ಕೆಲಸ.

ಈ ಪಾಲಿಸಿಯಲ್ಲಿ ಬೇರೆಯವರ ಸಾವು, ಗಾಯಕ್ಕೆ ಮಿತಿ ಇಲ್ಲ. ನ್ಯಾಯಮಂಡಳಿ ಹೇಳಿದಷ್ಟು ಕಂಪನಿ ಕಟ್ಟಬೇಕು. ಬೇರೆಯವರ ಆಸ್ತಿ ಹಾನಿಗೆ ಮಾತ್ರ ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ 7.5 ಲಕ್ಷದ ಮಿತಿ. ನಿಮ್ಮ ಕಾರಿನ ರಿಪೇರಿಗೆ ಒಂದು ರೂಪಾಯಿಯೂ ಇಲ್ಲ.

ಯಾರೂ ಹೇಳದ ಮಾತು: ಹಿಂದಿನ ಸೀಟಿನವರ ಕಥೆ

ಏಜೆಂಟರು ಬಾಯಿಬಿಟ್ಟು ಹೇಳದ ವಿಷಯ ಇದು. ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಮಾಡಿಸಿದ್ದರೆ, ಅದೇ ಕಾರಿನ ಒಳಗೆ ಕೂತ ನಿಮ್ಮ ತಾಯಿ, ಹೆಂಡತಿ, ಮಕ್ಕಳು, ಸ್ನೇಹಿತರು ಆ ಪಾಲಿಸಿಗೆ ಸೇರಲ್ಲ. ಬೈಕಿನ ಹಿಂದೆ ಕೂತವರೂ ಹಾಗೇ. ಸುಪ್ರೀಂ ಕೋರ್ಟ್ 2006ರಿಂದ ಹಲವು ತೀರ್ಪುಗಳಲ್ಲಿ ಇದನ್ನೇ ಹೇಳಿದೆ. ಕಾಯ್ದೆಗೆ ಬೇಕಾದಷ್ಟು ಮಾತ್ರ ಇರುವ ಪಾಲಿಸಿ ಬೇರೆ, ಪ್ಯಾಕೇಜ್ ಅಥವಾ ಕಾಂಪ್ರಹೆನ್ಸಿವ್ ಪಾಲಿಸಿ ಬೇರೆ. ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿಯಲ್ಲಿ ಒಳಗೆ ಕೂತವರೂ ಸೇರುತ್ತಾರೆ ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ.

ಎದುರಿನ ಗಾಡಿಯದು ತಪ್ಪಾಗಿದ್ದರೆ ಒಳಗೆ ಕೂತವರಿಗೆ ಆ ಗಾಡಿಯ ಇನ್ಶೂರೆನ್ಸ್‌ನಿಂದ ಸಿಗುತ್ತೆ. ಆದರೆ ಕಾರು ತಾನೇ ಮರಕ್ಕೆ ಗುದ್ದಿದರೆ, ಹಳ್ಳಕ್ಕೆ ಉರುಳಿದರೆ, ಬೆಳಗಿನ ಜಾವ ನಿದ್ದೆ ಮಂಪರಿನಲ್ಲಿ ನಿಂತ ಸೇತುವೆ ಕಟ್ಟೆಗೆ ಬಡಿದರೆ? ಬರೀ ಥರ್ಡ್ ಪಾರ್ಟಿ ಇದ್ದರೆ ಒಳಗಿದ್ದವರಿಗೆ ಕಂಪನಿ ಕಡೆಯಿಂದ ಬರೋದು ಕಷ್ಟ. ಮಾಲೀಕನ ಮೇಲೆ ಕೇಸ್ ಹಾಕಬೇಕು. ಆ ಮಾಲೀಕ ಅಣ್ಣನೋ, ಭಾವನೋ ಆಗಿರ್ತಾನೆ.

ಹದಿನೈದು ವರ್ಷದ ಹಳೇ ಕಾರಿಗೆ "ಫುಲ್ ಇನ್ಶೂರೆನ್ಸ್ ದಂಡ" ಅಂತ ಥರ್ಡ್ ಪಾರ್ಟಿ ಮಾತ್ರ ಮಾಡಿಸಿ, ಅದೇ ಕಾರಿನಲ್ಲಿ ಐದು ಜನ ತುಂಬಿಕೊಂಡು ಧರ್ಮಸ್ಥಳ, ಕುಕ್ಕೆಗೆ ಹೋಗಿಬರುವ ಮನೆಗಳು ಜಿಲ್ಲೆಯಲ್ಲಿ ಎಷ್ಟೋ ಇವೆ. ಅಲ್ಲಿ ಹಳೇದಾಗಿರೋದು ಕಾರು ಮಾತ್ರ.

ಓಡಿಸುವವನಿಗೆ 15 ಲಕ್ಷ: ಷರತ್ತು ಓದಿ

ಅರಸೀಕೆರೆಯಂಥ ಕೇಸಿಗೆ ಹತ್ತಿರ ಬರೋದು ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ಕವರ್. ಪಾಲಿಸಿಯಲ್ಲಿ "ಪಿಎ ಓನರ್ ಡ್ರೈವರ್" ಅಂತ ಇರುತ್ತೆ. ಮೊತ್ತ 15 ಲಕ್ಷ. ತಪ್ಪು ಯಾರದು ಅಂತ ಇಲ್ಲಿ ನೋಡಲ್ಲ. ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಪಾಲಿಸಿ ಷರತ್ತಿನಂತೆ ಹಣ ಬರುತ್ತೆ.

ಷರತ್ತು ಮೂರು: ಗಾಡಿ ಅವರ ಹೆಸರಿನಲ್ಲೇ ಇರಬೇಕು, ಪಾಲಿಸಿಯೂ ಅದೇ ಹೆಸರಿನಲ್ಲಿ ಇರಬೇಕು, ಚಾಲ್ತಿಯಲ್ಲಿರುವ ಡಿಎಲ್ ಇರಬೇಕು. ಅಪ್ಪನ ಹೆಸರಿನಲ್ಲಿ ಕಾರು, ಓಡಿಸೋದು ಮಗ ಅನ್ನೋ ಮನೆಗಳು ಇಲ್ಲಿ ಎಚ್ಚರ ವಹಿಸಬೇಕು. ಕವರ್ ಇರೋದು ಅಪ್ಪನ ಹೆಸರಿಗೆ, ಸ್ಟೇರಿಂಗ್ ಇರೋದು ಮಗನ ಕೈಲಿ. ಇಂಥ ಮನೆಯಲ್ಲಿ ಓಡಿಸುವವರ ಹೆಸರಿನಲ್ಲೇ ಪ್ರತ್ಯೇಕ ಅಪಘಾತ ವಿಮೆ ಇರೋದು ಒಳ್ಳೆಯದು. ಕಮ್ಮಿ ಅಂದ್ರೂ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇರಲಿ. 18ರಿಂದ 70 ವರ್ಷದೊಳಗಿನವರಿಗೆ ಅಪಘಾತದಲ್ಲಿ ಸಾವಾದರೆ 2 ಲಕ್ಷ ಸಿಗುತ್ತೆ. ಎರಡು ಲಕ್ಷ ದೊಡ್ಡ ಮೊತ್ತ ಅಲ್ಲ, ಆದರೆ 20 ರೂಪಾಯಿಗೆ ಅದಕ್ಕಿಂತ ಹೆಚ್ಚು ಯಾರೂ ಕೊಡಲ್ಲ.

ಒಬ್ಬರಿಗೆ ಎರಡು ಮೂರು ಗಾಡಿ ಇದ್ದರೆ ಎಲ್ಲದಕ್ಕೂ ಈ 15 ಲಕ್ಷದ ಕವರ್ ಕಟ್ಟಬೇಕಿಲ್ಲ, ಒಂದೇ ಸಾಕು. ಹೊರಗೆ ಪ್ರತ್ಯೇಕವಾಗಿ 15 ಲಕ್ಷದ ಅಪಘಾತ ವಿಮೆ ಇದ್ದರೂ ಕಾರಿನ ಜೊತೆ ಮತ್ತೆ ಬೇಡ. "ಇದೊಂದು ತೆಗೆದರೆ ಕಮ್ಮಿ ಆಗುತ್ತೆ" ಅಂತ ಏಜೆಂಟ್ ಸುಮ್ಮನೆ ತೆಗೆದು ಹಾಕಿರುವುದೂ ಉಂಟು. ನಿಮ್ಮ ಪಾಲಿಸಿಯಲ್ಲಿ ಆ ಸಾಲಿನ ಮುಂದೆ ಸೊನ್ನೆ ಇದೆಯಾ ನೋಡಿ.

ಹೊಸ ಕಾರಿನವರು ಎಡವುವ ಜಾಗ

2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ನಿಯಮ ಇದು. ಶೋರೂಂನಲ್ಲಿ "ಮೂರು ವರ್ಷ ಇನ್ಶೂರೆನ್ಸ್ ಇದೆ ಸರ್" ಅಂತಾರೆ. ಅದು ಥರ್ಡ್ ಪಾರ್ಟಿಗೆ ಮಾತ್ರ. ಸಾಮಾನ್ಯವಾಗಿ ನಿಮ್ಮ ಕಾರಿನ ಹಾನಿಗೆ ಇರುವ ಭಾಗ, ಅಂದ್ರೆ ಓನ್ ಡ್ಯಾಮೇಜ್, ಒಂದೇ ವರ್ಷ. ಎರಡನೇ ವರ್ಷ ರಿನ್ಯೂ ಮಾಡಿಸದೆ ಬಿಟ್ಟವರಿಗೆ ಗುದ್ದಿದ ಮೇಲೆ ಗ್ಯಾರೇಜಿನಲ್ಲಿ ಗೊತ್ತಾಗುತ್ತೆ. ಪಾಲಿಸಿಯಲ್ಲಿ ಎರಡು ಬೇರೆ ಬೇರೆ ಮುಕ್ತಾಯ ದಿನಾಂಕ ಇರುತ್ತೆ. ಎರಡನ್ನೂ ಮೊಬೈಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಎರಡನೇ ವರ್ಷದಿಂದ ಓನ್ ಡ್ಯಾಮೇಜ್ ಅನ್ನು ಶೋರೂಂನಲ್ಲೇ ಮಾಡಿಸಬೇಕು ಅಂತೇನಿಲ್ಲ. ಬೇರೆ ಕಂಪನಿಯಲ್ಲಿ ವಿಚಾರಿಸಬಹುದು. ಹಾಸನದಲ್ಲಿ ಅಥವಾ ನಿಮ್ಮ ತಾಲ್ಲೂಕಿಗೆ ಹತ್ತಿರದಲ್ಲಿ ಆ ಕಂಪನಿಯ ಕ್ಯಾಶ್‌ಲೆಸ್ ಗ್ಯಾರೇಜ್ ಇದೆಯಾ ಅಂತ ಮೊದಲು ಕೇಳಿ. ಐನೂರು ರೂಪಾಯಿ ಉಳಿಸಿ, ಆಮೇಲೆ ಕ್ಯಾಶ್‌ಲೆಸ್‌ಗೆ ಅಂತ ಬೆಂಗಳೂರಿಗೆ ಗಾಡಿ ಟೋಯಿಂಗ್ ಮಾಡಿಸಿದರೆ ಏನೂ ಉಳಿಯಲ್ಲ.

ಐಡಿವಿ ಕಮ್ಮಿ ಮಾಡಿಸಿದರೆ ನಷ್ಟ ಯಾರಿಗೆ?

ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತೆ. ಕಾರು ಕಳುವಾದರೆ ಅಥವಾ ಪೂರ್ತಿ ಜಖಂ ಆದರೆ ಕಂಪನಿ ಕೊಡುವ ಹಣಕ್ಕೆ ಅದೇ ಮಿತಿ. ಶೋರೂಂ ಬೆಲೆಯಲ್ಲಿ ವರ್ಷದ ಲೆಕ್ಕಕ್ಕೆ ಸವಕಳಿ ಕಳೆದು ಇದನ್ನು ಇಡ್ತಾರೆ: ಒಂದರಿಂದ ಎರಡು ವರ್ಷದ ಗಾಡಿಗೆ ಶೇ 20, ಎರಡರಿಂದ ಮೂರಕ್ಕೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50. ಐದು ವರ್ಷ ದಾಟಿದ ಮೇಲೆ ಮಾಲೀಕ ಮತ್ತು ಕಂಪನಿ ಒಪ್ಪಿದ ಮೊತ್ತ.

8 ಲಕ್ಷದ ಕಾರು ಎರಡೂವರೆ ವರ್ಷ ಹಳೆಯದಾದರೆ ಐಡಿವಿ 5.6 ಲಕ್ಷ ಆಸುಪಾಸು ಇರಬೇಕು. ಪ್ರೀಮಿಯಂ ಕಮ್ಮಿ ಕಾಣಲಿ ಅಂತ ಅದನ್ನು ತಗ್ಗಿಸಿ ಇಟ್ಟರೆ ಉಳಿಯೋದು ಸ್ವಲ್ಪ, ಕಾರು ಹೋದ ದಿನ ಕಳೆಯೋದು ಲಕ್ಷದ ಲೆಕ್ಕ. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಗಾಡಿಯನ್ನು ಟೋಟಲ್ ಲಾಸ್ ಅಂತ ಪರಿಗಣಿಸ್ತಾರೆ. ಸಾಲ ಇರುವ ಕಾರಾದರೆ ಆ ಹಣ ಮೊದಲು ಬ್ಯಾಂಕ್ ಸಾಲಕ್ಕೆ ಹೋಗುತ್ತೆ. ಪೂರ್ತಿ ಬೆಲೆಗೆ ಸಾಲ ಮಾಡಿ ಹೊಸ ಕಾರು ತಗೊಂಡವರು ಮೊದಲ ಎರಡು ಮೂರು ವರ್ಷ "ರಿಟರ್ನ್ ಟು ಇನ್ವಾಯ್ಸ್" ಅನ್ನೋ ಹೆಚ್ಚುವರಿ ಕವರ್ ಬಗ್ಗೆ ಯೋಚಿಸಬಹುದು. ಟೋಟಲ್ ಲಾಸ್ ಆದಾಗ ಐಡಿವಿಗೂ ಬಿಲ್ ಬೆಲೆಗೂ ಇರುವ ಅಂತರವನ್ನು ಅದು ತುಂಬುತ್ತೆ.

ಜೀರೋ ಡೆಪ್: ಲೆಕ್ಕ ಹಾಕಿ ನೋಡಿ

ರಿಪೇರಿ ಬಿಲ್ ಪೂರ್ತಿ ಕಂಪನಿ ಕೊಡುತ್ತೆ ಅನ್ನೋದು ದೊಡ್ಡ ತಪ್ಪು ಕಲ್ಪನೆ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಅರ್ಧ ಕಡಿತ. ಫೈಬರ್‌ಗೆ ಶೇ 30. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ, ನಾಲ್ಕರಿಂದ ಐದು ವರ್ಷಕ್ಕೆ ಶೇ 35.

ಉದಾಹರಣೆಗೆ ನಾಲ್ಕೂವರೆ ವರ್ಷದ 1200 ಸಿಸಿ ಕಾರು. ಬಂಪರ್ ಮತ್ತಿತರ ಪ್ಲಾಸ್ಟಿಕ್ 14,000, ಬಾನೆಟ್, ಫೆಂಡರ್ ತಗಡು 20,000, ಮುಂದಿನ ಗಾಜು 8,000, ಪೇಂಟ್ ಬಿಟ್ಟು ಲೇಬರ್ 10,000. ಒಟ್ಟು 52,000 ಬಿಲ್. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್‌ಗೆ 7,000, ತಗಡಿಗೆ 13,000, ಗಾಜು 8,000, ಲೇಬರ್ 10,000 ಸೇರಿ 38,000. ಅದರಲ್ಲಿ ಪ್ರತಿ ಕ್ಲೇಮಿಗೂ ಕಟ್ ಆಗುವ ಕಡ್ಡಾಯ 1,000 ಕಳೆದರೆ ಕಂಪನಿ ಕೊಡೋದು 37,000. ಕೈಯಿಂದ 15,000. ಜೀರೋ ಡೆಪ್ ಇದ್ದಿದ್ದರೆ ಕೈಯಿಂದ 1,000 ಮಾತ್ರ.

ಐದು ವರ್ಷದೊಳಗಿನ ಕಾರಿಗೆ ಇದು ಸಾಮಾನ್ಯವಾಗಿ ಲಾಭದ ಕವರ್. ವರ್ಷದಲ್ಲಿ ಎಷ್ಟು ಸಲ ಕ್ಲೇಮ್ ಮಾಡಬಹುದು ಅಂತ ಮಿತಿ ಇರುತ್ತೆ, ಕೇಳಿಕೊಳ್ಳಿ. ಹಳೇ ಕಾರು, ಮನೆ ಹತ್ತಿರವೇ ಓಡಿಸೋದು ಅಂದ್ರೆ ಬಿಟ್ಟರೂ ನಡೆಯುತ್ತೆ.

ಮಲೆನಾಡು ಕಡೆಯವರಿಗೆ: ಮಳೆ, ಗುಡ್ಡ, ಆನೆ

2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಹೆದ್ದಾರಿ 75ರ ಮೇಲೆ ಗುಡ್ಡ ಕುಸಿದು ವಾಹನಗಳು ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದವು. ಭೂಕುಸಿತ, ಪ್ರವಾಹ, ಬಿರುಗಾಳಿ, ಸಿಡಿಲು, ಬೆಂಕಿ ಎಲ್ಲವೂ ಓನ್ ಡ್ಯಾಮೇಜ್ ಭಾಗದಲ್ಲಿ ಸೇರುತ್ತೆ. ಬರೀ ಥರ್ಡ್ ಪಾರ್ಟಿಯಲ್ಲಿ ಇಲ್ಲ. ಆಲೂರು, ಬೇಲೂರು, ಸಕಲೇಶಪುರ ಭಾಗದಲ್ಲಿ ಆನೆ ಕಾರಿಗೆ ತಿವಿದರೂ ಹಾನಿ ಹೊರಗಿನಿಂದ ಆದ ಅಪಘಾತದ ಲೆಕ್ಕಕ್ಕೇ ಬರುತ್ತೆ. ಫೋಟೋ ತೆಗೆದು, ಅರಣ್ಯ ಇಲಾಖೆಗೂ ಕಂಪನಿಗೂ ಕೂಡಲೇ ತಿಳಿಸಿ.

ನೀರಿನ ವಿಷಯದಲ್ಲಿ ಒಂದು ಎಚ್ಚರ. ನಿಂತ ನೀರಿನಲ್ಲಿ ಆಫ್ ಆದ ಕಾರನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಒಳಗೆ ನೀರು ಹೋದರೆ, ಮಾಮೂಲಿ ಪಾಲಿಸಿಯಲ್ಲಿ ಎಂಜಿನ್ ರಿಪೇರಿ ಹಣ ಸಿಗೋದು ಕಷ್ಟ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಕವರ್ ಬೇಕು. ಘಾಟಿ ಕಡೆ ಓಡಾಡುವವರು, ಹೊಳೆ ಬದಿಯ ಊರಿನವರು ಹಾಕಿಸಿಕೊಳ್ಳಲಿ. ಬಯಲುಸೀಮೆ ಕಡೆಯವರಿಗೆ ಅಷ್ಟು ಅಗತ್ಯ ಇಲ್ಲ. ಕವರ್ ಇರಲಿ ಬಿಡಲಿ, ನೀರಿನಲ್ಲಿ ನಿಂತ ಗಾಡಿಯನ್ನು ತಳ್ಳಿ ಹೊರಗೆ ತನ್ನಿ, ಕೀ ತಿರುಗಿಸಬೇಡಿ.

ವೈಟ್ ಬೋರ್ಡ್ ಬಾಡಿಗೆ, ಸೆಕೆಂಡ್ ಹ್ಯಾಂಡ್ ಕಾರು

ಮದುವೆ, ಜಾತ್ರೆ, ಆಸ್ಪತ್ರೆ ಅಂತ ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸೋದು ಹಳ್ಳಿಗಳಲ್ಲಿ ಮಾಮೂಲಿ. ಡೀಸೆಲ್ ದುಡ್ಡು ಹಂಚಿಕೊಂಡು ಹೋಗೋದು ಬೇರೆ, ಕಿಲೋಮೀಟರ್‌ಗೆ ಇಷ್ಟು ಅಂತ ಬಾಡಿಗೆ ತಗೊಳ್ಳೋದು ಬೇರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸೋ ಹಾಗಿಲ್ಲ ಅಂತ ಸ್ಪಷ್ಟವಾಗಿ ಇರುತ್ತೆ. ಅಪಘಾತ ಆಗಿ ಬಾಡಿಗೆ ಅಂತ ಸಾಬೀತಾದರೆ ಕಾರಿನ ರಿಪೇರಿ ಕ್ಲೇಮ್ ಹೋಗುತ್ತೆ. ಗಾಯಾಳುಗಳಿಗೆ ಕಂಪನಿ ಕೊಡುವಂತಾದರೂ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ಕೋರ್ಟ್ ಅವಕಾಶ ಕೊಡಬಹುದು. ಡಿಎಲ್ ಅವಧಿ ಮುಗಿದಿದ್ದರೆ, ಕುಡಿದು ಓಡಿಸಿದ್ದರೆ ಇದೇ ತಲೆನೋವು.

ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಕಾರು ತಮಗೆ ವರ್ಗಾವಣೆ ಆದ 14 ದಿನದೊಳಗೆ ಇನ್ಶೂರೆನ್ಸ್ ವರ್ಗಾವಣೆಗೆ ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ತಾನಾಗೇ ಹೊಸ ಮಾಲೀಕರಿಗೆ ಬಂದ ಹಾಗೆ ಕಾನೂನು ಪರಿಗಣಿಸುತ್ತೆ. ಓನ್ ಡ್ಯಾಮೇಜ್ ಹಾಗಲ್ಲ. ಹಳೇ ಮಾಲೀಕರ ಹೆಸರಿನಲ್ಲೇ ಪಾಲಿಸಿ ಇದ್ದು ಗಾಡಿ ಗುದ್ದಿದರೆ ಕ್ಲೇಮ್ ನಿಂತುಹೋಗುತ್ತೆ. ಮಾರಿದವರಿಗೂ ನೆಮ್ಮದಿ ಇಲ್ಲ. ಆರ್‌ಸಿಯಲ್ಲಿ ಹೆಸರು ಇರುವವರೆಗೆ ಕೋರ್ಟ್ ನೋಟಿಸ್ ಬರೋದು ಅವರಿಗೇ.

ಸಣ್ಣ ಗೀರಿಗೆ ಕ್ಲೇಮ್ ಬೇಡ

ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಮೊದಲ ವರ್ಷ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಇದು ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ. ಆ ಭಾಗ 8,000 ಇದ್ದರೆ ಶೇ 50ರಲ್ಲಿ 4,000 ಉಳಿತಾಯ. 3,500 ರೂಪಾಯಿಯ ಗೀರಿಗೆ ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆಗೆ ಬಂದು ಮತ್ತೆ ಮೊದಲಿಂದ ಶುರು. ಪಾಲಿಸಿ ಮುಗಿದು 90 ದಿನ ದಾಟಿದರೂ ಬೋನಸ್ ಹೋಗುತ್ತೆ. ಬೋನಸ್ ಸೇರೋದು ಮಾಲೀಕನಿಗೆ, ಕಾರಿಗಲ್ಲ. ಹಳೇ ಕಾರು ಮಾರಿದರೆ ಸರ್ಟಿಫಿಕೇಟ್ ತಗೊಂಡು ಹೊಸ ಕಾರಿಗೆ ಬಳಸಿ.

ಹಾಗಾದರೆ ಯಾರಿಗೆ ಯಾವುದು?

ಹೊಸ ಕಾರು, ಸಾಲ ಇದೆ: ಪ್ಯಾಕೇಜ್ ಪಾಲಿಸಿ, ಜೀರೋ ಡೆಪ್, ರಿಟರ್ನ್ ಟು ಇನ್ವಾಯ್ಸ್, 15 ಲಕ್ಷದ ಪಿಎ. ಘಾಟಿ ಕಡೆಯಾದರೆ ಎಂಜಿನ್ ಪ್ರೊಟೆಕ್ಟ್ ಕೂಡ.

ಐದರಿಂದ ಹತ್ತು ವರ್ಷದ ಕಾರು: ಪ್ಯಾಕೇಜ್ ಪಾಲಿಸಿ ಬಿಡಬೇಡಿ, ಸರಿಯಾದ ಐಡಿವಿ ಇರಲಿ. ಉಳಿದ ಕವರ್ ಜೇಬು ನೋಡಿಕೊಂಡು.

ಹತ್ತು ವರ್ಷ ದಾಟಿದ ಕಾರು: ಮನೆಮಂದಿ ಓಡಾಡುವ ಗಾಡಿಯಾದರೆ ಕಮ್ಮಿ ಐಡಿವಿಯಲ್ಲಾದರೂ ಪ್ಯಾಕೇಜ್ ಪಾಲಿಸಿಗೆ ಎರಡು ಮೂರು ಕಂಪನಿ ವಿಚಾರಿಸಿ. ಸಿಗದಿದ್ದರೆ ಥರ್ಡ್ ಪಾರ್ಟಿ ಜೊತೆ ಮಾಲೀಕರ ಪಿಎ, ಒಳಗೆ ಕೂರುವವರ ಪಿಎ ಸೇರಿಸಿ.

ಕ್ಲೇಮ್ ತಿರಸ್ಕಾರ ಆದರೆ ಏಜೆಂಟ್ ಮಾತು ಕೇಳಿ ಸುಮ್ಮನಾಗಬೇಕಿಲ್ಲ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಬರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಹೋಗಬಹುದು. ಫೀಸ್ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಪರಿಹಾರದ ದೂರು ಕೇಳ್ತಾರೆ. ನಿಯಂತ್ರಣ ಪ್ರಾಧಿಕಾರದ ಉಚಿತ ಸಹಾಯವಾಣಿ 155255.

ಸದ್ಯಕ್ಕೆ ಮಾಡಬೇಕಾದ ಕೆಲಸ ಒಂದೇ. ಮೊಬೈಲ್‌ನಲ್ಲಿರುವ ಆ ಪಿಡಿಎಫ್ ತೆರೆದು ನಾಲ್ಕು ಸಾಲು ಹುಡುಕಿ: ಪಾಲಿಸಿ ಬರೀ ಥರ್ಡ್ ಪಾರ್ಟಿಯೋ ಪ್ಯಾಕೇಜೋ, ಓನ್ ಡ್ಯಾಮೇಜ್ ಯಾವತ್ತು ಮುಗಿಯುತ್ತೆ, ಐಡಿವಿ ಎಷ್ಟು, ಪಿಎ ಓನರ್ ಡ್ರೈವರ್ ಇದೆಯಾ. ಇದರಲ್ಲಿ ಯಾವುದಾದರೂ ಸರಿ ಇಲ್ಲ ಅಂದ್ರೆ ಸರಿ ಮಾಡಿಸೋಕೆ ಹಣ ಕಟ್ಟಿದ ಮೇಲೆಯೇ ಕವರ್ ಶುರುವಾಗೋದು. ಅಪಘಾತ ಆದ ಮೇಲೆ ಕಟ್ಟಿದ ಹಣಕ್ಕೆ ಆ ಅಪಘಾತ ಸೇರಲ್ಲ.